ಆಸಾರ್ ಮಹಲ್ ಹಿಂದಿನ ಸೇತುವೆ ಎಲ್ಲಿ ಹೋಯಿತು?

ವಿಜಯಪುರಕ್ಕೆ ಬಂದವರು ಮೊದಲು ಗೋಳಗುಮ್ಮಟಕ್ಕೆ ಹೋಗುತ್ತಾರೆ. ಆಮೇಲೆ ಇಬ್ರಾಹಿಂ ರೋಜಾ, ಮಲಿಕ್-ಎ-ಮೈದಾನ್ ತೋಪು, ಬಾರಾಕಮಾನ. ಇನ್ನೂ ಹೊತ್ತು ಉಳಿದರೆ ಆಸಾರ್ ಮಹಲ್. ಅಲ್ಲಿ ಮುಂದಿನ ಹೊಂಡ, ಎತ್ತರದ ತೇಗದ ಕಂಬಗಳು, ಒಂದೆರಡು ಫೋಟೊ, ಅಷ್ಟಕ್ಕೆ ಮುಗಿಯಿತು. ಕಟ್ಟಡದ ಬೆನ್ನ ಕಡೆ ಹೋಗುವವರು ಕಡಿಮೆ. ಆದರೆ ಈ ಮಹಲಿನ ಅರ್ಧ ಕಥೆ ಇರುವುದೇ ಆ ಬೆನ್ನ ಕಡೆ. ಒಂದು ಕಾಲಕ್ಕೆ ಅಲ್ಲೊಂದು ಸೇತುವೆ ಇತ್ತು. ಕಂದಕ ದಾಟಿ, ಪಶ್ಚಿಮಕ್ಕಿರುವ ಅರಕಿಲ್ಲೆಗೂ, ಅಂದರೆ ಸುಲ್ತಾನರ ಅರಮನೆಗಳಿದ್ದ ಒಳಕೋಟೆಗೂ, ಆಸಾರ್ ಮಹಲಿಗೂ ನೇರ ದಾರಿ ಮಾಡಿಕೊಟ್ಟಿತ್ತು. ಅದು ಯಾವಾಗಲೋ ಬಿತ್ತು. ನೂರು ವರ್ಷದ ಹಿಂದಿನ ಪ್ರವಾಸಿ ಕೈಪಿಡಿಗಳೂ ಕಂಬಗಳಷ್ಟೇ ಉಳಿದಿವೆ ಎಂದೇ ಬರೆದಿವೆ.

ಇಲ್ಲದ ಸೇತುವೆ ಬಗ್ಗೆ ಇಷ್ಟುದ್ದ ಯಾಕೆ ಬರೆಯಬೇಕು ಅಂತೀರಾ? ಆ ದಾರಿಯನ್ನು ಬಿಟ್ಟು ನೋಡಿದರೆ ಆಸಾರ್ ಮಹಲ್ ಯಾಕೆ ಆ ಜಾಗದಲ್ಲಿ ಇದೆ ಎಂಬುದೇ ತಿಳಿಯುವುದಿಲ್ಲ. ಊರಿನ ಗೋಡೆಗಳು, ನೀರು, ಯುದ್ಧ, ದರ್ಬಾರು ಎಲ್ಲವೂ ಅಲ್ಲಿ ಬಂದು ಸೇರುತ್ತವೆ.

ಮೊದಲು ಊರಿನ ರಚನೆ ನೋಡೋಣ. ಹಳೇ ವಿಜಯಪುರ ಒಂದರೊಳಗೊಂದು ಕೂತ ಎರಡು ಕೋಟೆಗಳ ಊರು. ಒಳಗಿನದು ಅರಕಿಲ್ಲಾ. ಯೂಸುಫ್ ಆದಿಲ್ ಖಾನ್ 1490ರ ಸುಮಾರಿಗೆ ಇಲ್ಲಿ ಸ್ವಂತ ಆಳ್ವಿಕೆ ಶುರು ಮಾಡಿದ ಮೇಲೆ, ಅರಮನೆ, ದರ್ಬಾರು, ಖಜಾನೆ ಎಲ್ಲಾ ಬೆಳೆದದ್ದು ಈ ಒಳಕೋಟೆಯಲ್ಲಿ. ಅದರ ಸುತ್ತ ಗೋಡೆ, ಗೋಡೆಯ ಸುತ್ತ ಕಂದಕ. ಹೊರಗಿನದು ಇಡೀ ಪೇಟೆಯನ್ನು ಸುತ್ತುವರಿದ ದೊಡ್ಡ ಕೋಟೆ. ಅದನ್ನು ಕಟ್ಟಿಸಿದವನು ಒಂದನೇ ಅಲಿ ಆದಿಲ್ ಶಾ. 1565ರ ರಕ್ಕಸತಂಗಡಿ ಯುದ್ಧದ ಆಸುಪಾಸಿನ ಕೆಲಸ ಅದು. ಸುತ್ತಳತೆ ಸುಮಾರು 10 ಕಿಲೋಮೀಟರ್. ಅದಕ್ಕೂ ತನ್ನದೇ ಕಂದಕ, ಬುರುಜುಗಳು, ಮೆಕ್ಕಾ, ಶಹಾಪುರ, ಬಹಮನಿ, ಅಲ್ಲಾಪುರ ಎಂಬ ಹೆಸರಿನ ದರವಾಜೆಗಳು.

ಇದರಲ್ಲಿ ಗಮನಿಸಬೇಕಾದ ಮಾತು ಒಂದಿದೆ. ಹೊರಕೋಟೆ ಎದ್ದ ದಿನದಿಂದ ಒಳಕೋಟೆಯ ಕಂದಕ ಊರ ನಡುವೆ ಬಂತು. ಅಲ್ಲಿಯವರೆಗೆ ಅದು ಶತ್ರು ಎದುರಿಗೆ ಇದ್ದ ತಡೆ. ಈಗ ಅದರ ಆಚೆ ದಂಡೆಯಲ್ಲೂ ಸುಲ್ತಾನನ ಪ್ರಜೆಗಳೇ, ಸುಲ್ತಾನನ ಪೇಟೆಯೇ. ಕಾಯುವ ಕೆಲಸ ಪೂರ್ತಿ ತಪ್ಪಿತು ಅಂತಲ್ಲ, ಕೊನೆಯ ಆಸರೆಯಾಗಿ ಅದು ಇದ್ದೇ ಇತ್ತು. ಆದರೆ ದಿನನಿತ್ಯದ ಲೆಕ್ಕದಲ್ಲಿ ಅದು ಯುದ್ಧದ ಗೆರೆಯಾಗಿ ಉಳಿಯಲಿಲ್ಲ. ಅರಮನೆ ಯಾವುದು, ಊರು ಯಾವುದು ಎಂದು ತೋರಿಸುವ ಗೆರೆಯಾಯಿತು.

ಕಂದಕದ ಮೇಲೆ ಸೇತುವೆ ಕಟ್ಟುವುದು ಸುಮ್ನೆ ಮಾತಲ್ಲ. ಕಂದಕ ತೋಡುವುದೇ ದಾಟಬಾರದು ಅಂತ. ಸೇತುವೆ ಕಟ್ಟುವುದು ದಾಟಬೇಕು ಅಂತ. ಒಂದೇ ಕೋಟೆಗೆ ಎರಡೂ ಬೇಕು. ಅದಕ್ಕೇ ಹಳೇ ಕೋಟೆಗಳಲ್ಲಿ ದಾರಿಯನ್ನು ಬೇಕಂತಲೇ ಕಷ್ಟ ಮಾಡುತ್ತಿದ್ದರು. ದರವಾಜೆಗೆ ನೇರ ದಾರಿ ಬಿಡುತ್ತಿರಲಿಲ್ಲ, ಒಂದೆರಡು ತಿರುವು ಕೊಡುತ್ತಿದ್ದರು. ಆನೆ ಓಡಿಬಂದು ಬಾಗಿಲಿಗೆ ಗುದ್ದಲು ಜಾಗ ಸಿಗಬಾರದು. ಒಳಗೆ ಬಂದವನ ಮೇಲೆ ಎರಡೂ ಕಡೆಯ ಗೋಡೆಯಿಂದ ಕಣ್ಣಿರಬೇಕು. ಬಾಗಿಲ ಹಿಂದೆ ಕಾವಲಿನವರ ಅಂಕಣ. ಅರಕಿಲ್ಲೆಯ ದಕ್ಷಿಣದ ದರವಾಜೆಯ ಹತ್ತಿರ ಇಂಥ ಅಂಕಣಗಳಿದ್ದವು. ಅವಕ್ಕೆ ಬಳಸಿದ್ದು ಹಳೇ ಗುಡಿಗಳ ಕಂಬಗಳನ್ನು. ಆದಿಲ್ ಶಾಹಿಗಳು ಬರುವ ಎಷ್ಟೋ ಮೊದಲೇ, ಕಲ್ಯಾಣದ ಚಾಲುಕ್ಯರ ಕಾಲದಲ್ಲೇ ಇದು ದೊಡ್ಡ ಊರಾಗಿತ್ತು ಅನ್ನುವುದಕ್ಕೆ ಆ ಕಂಬಗಳೇ ಸಾಕ್ಷಿ. ಅರಕಿಲ್ಲೆಯೊಳಗಿನ ಕರೀಮುದ್ದೀನ್ ಮಸೀದಿಯಲ್ಲೂ ಅದೇ ಕಥೆ. ಅದು 1320ರದ್ದು, ಅಂದರೆ ಆದಿಲ್ ಶಾಹಿಗಿಂತ ನೂರೆಪ್ಪತ್ತು ವರ್ಷ ಹಿಂದಿನದು.

ಹೀಗೆ ದಾರಿಯನ್ನೇ ಕಾವಲಿನ ಸಾಧನ ಮಾಡಿಕೊಂಡಿದ್ದ ಕೋಟೆಯಲ್ಲಿ, ಪೂರ್ವದ ಕಡೆ ಕಂದಕದ ಮೇಲೆ ಆರಾಮಾಗಿ ಓಡಾಡಲು ಒಂದು ಸೇತುವೆ ಬಂತು ಅಂದರೆ, ಕಟ್ಟಿಸಿದವನಿಗೆ ಹೆದರಿಕೆ ಇರಲಿಲ್ಲ ಅಂತ ಅರ್ಥ. ಕಟ್ಟಿಸಿದವನು ಮೊಹಮ್ಮದ್ ಆದಿಲ್ ಶಾ. ಆಳಿದ್ದು 1627ರಿಂದ 1656ರವರೆಗೆ. ಗೋಳಗುಮ್ಮಟದಲ್ಲಿ ಮಲಗಿರುವುದೂ ಅವನೇ.

ಅವನ ಆಳ್ವಿಕೆಯ ಮೊದಲ ವರ್ಷಗಳು ಸುಖದ್ದಲ್ಲ. ಮೊಘಲರ ಸೈನ್ಯ ವಿಜಯಪುರದ ಬಾಗಿಲವರೆಗೂ ಬಂದಿತ್ತು. 1636ರಲ್ಲಿ ಷಹಜಹಾನನ ಜೊತೆ ಒಪ್ಪಂದವಾಯಿತು. ವಿಜಯಪುರ ಮೊಘಲರ ಹಿರಿತನ ಒಪ್ಪಿಕೊಂಡು ಕಪ್ಪ ಕೊಟ್ಟಿತು, ಬದಲಿಗೆ ಉತ್ತರದ ಗಡಿಯಲ್ಲಿ ನೆಮ್ಮದಿ ಸಿಕ್ಕಿತು. ಆಮೇಲೆ ಸೈನ್ಯ ದಕ್ಷಿಣಕ್ಕೆ ತಿರುಗಿತು. ಕರ್ನಾಟಕದ ದಕ್ಷಿಣ ಭಾಗ, ತಮಿಳು ಸೀಮೆಯಿಂದ ಹಣ ಹರಿದುಬಂತು. ಊರಲ್ಲಿ ಕಟ್ಟಡಗಳು ಎದ್ದವು. ಗೋಳಗುಮ್ಮಟ, ಬೇಗಂ ತಲಾಬ್, ಆಸಾರ್ ಮಹಲ್ ಎಲ್ಲಾ ಈ ಹೊತ್ತಿನ ಫಸಲು. ಆಸಾರ್ ಮಹಲಿನ ಕಾಲ 1646ರ ಸುಮಾರು. ಅಂದರೆ ಒಪ್ಪಂದ ಆಗಿ ಹತ್ತು ವರ್ಷ, ಹೊರಕೋಟೆ ಎದ್ದು ಎಂಬತ್ತು ವರ್ಷ. ಹಳೇ ಕಂದಕದ ಮೇಲೆ ಒಂದು ಸಲೀಸು ದಾರಿ ಹಾಕುವ ಧೈರ್ಯ ಬರಲು ಇವೆರಡೂ ಬೇಕಿತ್ತು ಅನ್ನುವುದು ನನ್ನ ಲೆಕ್ಕ.

ಆಸಾರ್ ಮಹಲ್ ಮೊದಲಿಗೆ ದಾದ್ ಮಹಲ್ ಆಗಿತ್ತು. ನ್ಯಾಯ ಕೇಳುವ, ನ್ಯಾಯ ಹೇಳುವ ಮನೆ. ಇಲ್ಲಿ ಕಟ್ಟಡದ ದಿಕ್ಕನ್ನು ನೋಡಬೇಕು. ಅದರ ಮುಖ ಪೂರ್ವಕ್ಕೆ, ಊರ ಕಡೆಗೆ. ಮುಂದಿನ ಪಡಸಾಲೆಗೆ ಗೋಡೆಯೇ ಇಲ್ಲ. ನಾಲ್ಕು ಭಾರಿ ತೇಗದ ಕಂಬಗಳು ಕೆಳಗಿನಿಂದ ಮೇಲಿನ ಮಾಳಿಗೆಯವರೆಗೂ ಎದ್ದು ಛಾವಣಿ ಹೊತ್ತಿವೆ. ಎದುರಿಗೆ ದೊಡ್ಡ ಹೊಂಡ. ಬೆನ್ನು ಪಶ್ಚಿಮಕ್ಕೆ, ಕಂದಕದ ಅಂಚಿಗೆ. ಆ ಬೆನ್ನಿಗೆ ಸೇತುವೆ.

ಈಗ ಸೇತುವೆಯನ್ನು ಮನಸ್ಸಿನಲ್ಲೇ ಮತ್ತೆ ಕಟ್ಟಿ ನೋಡಿ. ದೂರು ತಂದವನು ಪೇಟೆಯಿಂದ ಬಂದು ಮುಂದಿನ ಪಡಸಾಲೆ ಎದುರು ನಿಲ್ಲಬಹುದು. ಅವನು ಅರಕಿಲ್ಲೆಯ ದರವಾಜೆ ದಾಟಬೇಕಾಗಿಲ್ಲ. ಕಾವಲಿನವರ ಮುಂದೆ ಹಲ್ಲು ಗಿಂಜಬೇಕಾಗಿಲ್ಲ. ಸುಲ್ತಾನನೂ ಅಷ್ಟೇ. ಅವನು ಪೇಟೆಯ ಬೀದಿಗೆ ಇಳಿಯಬೇಕಾಗಿಲ್ಲ. ಅರಮನೆಯಿಂದ ನೇರ ಸೇತುವೆ ಮೇಲೆ ಬಂದು ಹಿಂದಿನಿಂದ ಒಳಗೆ ಸೇರಬಹುದು. ಒಬ್ಬರ ದಾರಿಯಲ್ಲಿ ಇನ್ನೊಬ್ಬರು ಅಡ್ಡ ಬರುವುದಿಲ್ಲ, ಆದರೂ ಇಬ್ಬರೂ ಒಂದೇ ಸೂರಿನ ಕೆಳಗೆ ಎದುರಾಗುತ್ತಾರೆ. ನಮ್ಮ ಕೋರ್ಟುಗಳಲ್ಲಿ ನ್ಯಾಯಾಧೀಶರಿಗೆ ಹಿಂದಿನ ಬಾಗಿಲು, ಕಕ್ಷಿದಾರರಿಗೆ ಮುಂದಿನ ಬಾಗಿಲು ಇರುತ್ತದಲ್ಲ, ಹೆಚ್ಚು ಕಡಿಮೆ ಹಾಗೆ. ಇದು ಯಾವ ಶಾಸನದಲ್ಲೂ ಬರೆದದ್ದಲ್ಲ. ಕಟ್ಟಡದ ಮುಖ, ಬೆನ್ನು, ಕಂದಕ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದು ಇದು. ಆ ಮಹಲನ್ನು ಕಂದಕದ ಹೊರದಂಡೆಗೇ ಅಂಟಿಸಿ ಕಟ್ಟಿದ್ದಕ್ಕೆ ಇದಕ್ಕಿಂತ ಒಳ್ಳೇ ಕಾರಣ ನನಗೆ ಹೊಳೆಯುವುದಿಲ್ಲ.

ಮಹಲಿನ ಹಣೆಬರಹ ಮಾತ್ರ ಬೇಗ ಬದಲಾಯಿತು. ಪ್ರವಾದಿ ಮೊಹಮ್ಮದರ ಗಡ್ಡದ ಕೂದಲು ಎಂದು ನಂಬಿಕೊಂಡು ಬಂದ ಪವಿತ್ರ ವಸ್ತುವನ್ನು ಇಲ್ಲಿಗೆ ತಂದಿಟ್ಟರು. ಅದು ಮೊದಲು ಅರಕಿಲ್ಲೆಯೊಳಗಿನ ಬೇರೆ ಮಹಲಿನಲ್ಲಿತ್ತು, ಆ ಮಹಲಿಗೆ ಬೆಂಕಿ ಬಿದ್ದಾಗ ಉಳಿಸಿ ಇಲ್ಲಿಗೆ ಸಾಗಿಸಿದರು ಎನ್ನುತ್ತಾರೆ. ನ್ಯಾಯದ ಮನೆ ಪೂಜ್ಯ ಜಾಗವಾಯಿತು, ದಾದ್ ಮಹಲ್ ಆಸಾರ್ ಮಹಲ್ ಆಯಿತು. ಆಸಾರ್ ಅಂದರೆ ಪವಿತ್ರ ಅವಶೇಷ. ಈಗಲೂ ವರ್ಷಕ್ಕೊಮ್ಮೆ ಉರುಸು ನಡೆಯುತ್ತದೆ. ಈ ಬದಲಾವಣೆ ನೆನಪಿಟ್ಟುಕೊಳ್ಳಿ, ಮಹಲ್ ಯಾಕೆ ಉಳಿಯಿತು, ಸೇತುವೆ ಯಾಕೆ ಉಳಿಯಲಿಲ್ಲ ಅನ್ನುವುದಕ್ಕೆ ಉತ್ತರ ಇಲ್ಲಿದೆ.

ಇಲ್ಲಿ ನೀರಿನ ಮಾತು ಬರಲೇಬೇಕು. ವಿಜಯಪುರ ಮಳೆ ಕಡಿಮೆ ಇರುವ ಸೀಮೆ. ದೊಡ್ಡ ಹೊಳೆ ಊರ ಹತ್ತಿರ ಇಲ್ಲ. ಇಂಥ ಕಡೆ ಕಂದಕ, ಹೊಂಡ, ಕಾರಂಜಿ ಅಂತ ಇಟ್ಟುಕೊಳ್ಳುವುದು ಶೋಕಿ ಮಾತ್ರ ಅಲ್ಲ, ದೊಡ್ಡ ಇಂಜಿನಿಯರಿಂಗ್ ಕೆಲಸ. ಪಶ್ಚಿಮಕ್ಕೆ ತೊರವಿಯಿಂದ ನೆಲದಡಿ ಸುರಂಗ ಕೊರೆದು ನೀರು ತಂದರು. ಅದರ ತಲೆಯಲ್ಲಿರುವುದೇ ಸುರಂಗ ಬಾವಡಿ. ಜಗತ್ತಿನ ಅಪಾಯದಲ್ಲಿರುವ ಪರಂಪರೆಯ ಜಾಗಗಳ ಕಡೆ ಗಮನ ಸೆಳೆಯಲು ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಮಾಡುವ ಪಟ್ಟಿಯಲ್ಲಿ 2020ಕ್ಕೆ ಅದೂ ಇತ್ತು. ದಕ್ಷಿಣಕ್ಕೆ 1651ರಲ್ಲಿ ಬೇಗಂ ತಲಾಬ್ ಕಟ್ಟಿಸಿದವನು ಇದೇ ಮೊಹಮ್ಮದ್ ಆದಿಲ್ ಶಾ. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಊರಿಗೆ ಬರುತ್ತಿತ್ತು. ಕೊಳವೆ ಒಡೆಯದಂತೆ ಸುತ್ತಲೂ ಗಾರೆ ಕಟ್ಟಡದ ಕವಚ. ಆಸಾರ್ ಮಹಲ್ ಮುಂದಿನ ಹೊಂಡಕ್ಕೂ ಅದೇ ನೀರು.

ಊರಲ್ಲಿ ಅಲ್ಲಲ್ಲಿ ನಿಂತಿರುವ ಚೌಕದ ಎತ್ತರದ ಗೋಪುರಗಳನ್ನು ನೋಡಿರಬಹುದು. ಅವಕ್ಕೆ ಗಂಜ್ ಎನ್ನುತ್ತಾರೆ. ಕೆಲವರು ಅವನ್ನು ಕಾವಲು ಗೋಪುರ ಎಂದುಕೊಳ್ಳುತ್ತಾರೆ. ಅಲ್ಲ, ಅವು ನೀರಿನ ಗೋಪುರಗಳು. ಎತ್ತರದ ಕಡೆಯಿಂದ ಕೊಳವೆಯಲ್ಲಿ ಇಳಿದು ಬರುವ ನೀರಿಗೆ ಒತ್ತಡ ಜಾಸ್ತಿ. ಹಾಗೇ ಬಿಟ್ಟರೆ ಮಣ್ಣಿನ ಕೊಳವೆ ಸೀಳುತ್ತದೆ. ಅದಕ್ಕೆ ದಾರಿ ನಡುವೆ ನೀರನ್ನು ಗೋಪುರದ ಮೇಲೆ ಏರಿಸಿ, ಬಯಲಿಗೆ ತೆರೆದು, ಮತ್ತೆ ಇಳಿಸುತ್ತಾರೆ. ಒತ್ತಡ ಅಲ್ಲಿಗೆ ಕಡಿಮೆಯಾಗುತ್ತದೆ, ಹೂಳೂ ತಳದಲ್ಲಿ ನಿಲ್ಲುತ್ತದೆ. ಮೋಟಾರು ಇಲ್ಲ, ವಾಲ್ವ್ ಇಲ್ಲ. ನೀರು ತನ್ನ ಮಟ್ಟ ತಾನೇ ಹುಡುಕಿಕೊಳ್ಳುತ್ತದೆ ಅನ್ನುವ ಒಂದೇ ನಿಯಮ.

ಊರಲ್ಲಿ ಒಂದು ಮಾತು ಸದಾ ಓಡಾಡುತ್ತದೆ. ಆ ಮಹಲಿನಿಂದ ಈ ಗುಮ್ಮಟಕ್ಕೆ ಸುರಂಗ ಇತ್ತಂತೆ, ರಾಣಿಯರು ಅದರಲ್ಲೇ ಓಡಾಡುತ್ತಿದ್ದರಂತೆ ಅಂತ. ನೆಲ ಅಗೆದಾಗ ಸಿಗುವ ಗಾರೆ ಕಾಲುವೆಗಳು, ತೊರವಿಯ ನಿಜವಾದ ಸುರಂಗ ಎಲ್ಲಾ ಸೇರಿ ಈ ಕಥೆ ಹುಟ್ಟಿರಬೇಕು. ಕಾಣದ ಸುರಂಗದ ಮೇಲೆ ಇರುವ ಕುತೂಹಲ, ಕಣ್ಣೆದುರು ಕಂಬ ಬಿಟ್ಟುಹೋದ ಸೇತುವೆಯ ಮೇಲೆ ಇಲ್ಲ. ನೋಡಿದರೆ ಬೇಜಾರು.

ಸರಿ, ಸೇತುವೆಯ ಕಲ್ಲಿಗೆ ಬರೋಣ. ವಿಜಯಪುರದವರಿಗೆ ಅಗಲ ದಾಟಿಸುವುದು ಹೊಸ ವಿದ್ಯೆ ಆಗಿರಲಿಲ್ಲ. 1561ರ ಗಗನ್ ಮಹಲಿನ ನಡುವಿನ ಕಮಾನು ಸುಮಾರು 60 ಅಡಿ ಅಗಲ. ಗೋಳಗುಮ್ಮಟದಲ್ಲಂತೂ ಒಂದರೊಳಗೊಂದು ಹಾದುಹೋಗುವ ಕಮಾನುಗಳು ಸೇರಿ 44 ಮೀಟರ್ ಹೊರವ್ಯಾಸದ ಗುಮ್ಮಟ ಹೊತ್ತಿವೆ. ಕಲ್ಲು ಇಲ್ಲೇ ಸಿಗುವ ಕರಿಗಲ್ಲು. ಅಂಟು ಸುಣ್ಣದ ಗಾರೆ. ಸಿಮೆಂಟಿನ ಹಾಗೆ ದಿನದಲ್ಲಿ ಬಿಗಿಯುವುದಲ್ಲ ಅದು, ಗಾಳಿ ಕುಡಿದು ವರ್ಷಗಟ್ಟಲೆ ನಿಧಾನಕ್ಕೆ ಗಟ್ಟಿಯಾಗುವುದು. ಕಟ್ಟಡ ಕೊಂಚ ಅಲುಗಿದರೂ ಅದು ಸಹಿಸುತ್ತದೆ. ಕಂದಕದಲ್ಲಿ ಇನ್ನೊಂದು ಅನುಕೂಲ. ಹರಿಯುವ ಹೊಳೆಯಲ್ಲಿ ಸೇತುವೆ ಕಟ್ಟಿದರೆ ಪ್ರವಾಹ ಕಂಬದ ಬುಡದ ಮಣ್ಣು ಕೊರೆಯುತ್ತದೆ. ಹಳೇ ಸೇತುವೆಗಳು ಜಾಸ್ತಿ ಬೀಳುವುದು ಆ ಕಾರಣಕ್ಕೇ. ಕಂದಕದ ನೀರಿಗೆ ಅಂಥ ಸೆಳೆತ ಇಲ್ಲ. ಹಾಗಾಗಿ ಬುಡದ ಚಿಂತೆ ಕಡಿಮೆ.

ಹಾಗಾದರೆ ಬಿದ್ದದ್ದು ಹೇಗೆ, ಕಂಬ ಉಳಿದದ್ದು ಹೇಗೆ? ಯಾವುದೇ ಹಳೇ ಸೇತುವೆಯಲ್ಲೂ ಮೊದಲು ಹೋಗುವುದು ಮೇಲಿನ ದಾರಿ, ಕೊನೆಗೆ ಉಳಿಯುವುದು ಕಂಬ. ಕಾರಣ ಸುಲಭ. ಕಂಬದ ಕೆಲಸ ಭಾರವನ್ನು ನೇರ ಕೆಳಗೆ ಕಳಿಸುವುದು. ಕಲ್ಲಿಗೆ ಅದಕ್ಕಿಂತ ಆರಾಮದ ಕೆಲಸ ಇಲ್ಲ. ಮೇಲಿನ ದಾರಿಯ ಕೆಲಸ ಹಾಗಲ್ಲ. ಕೆಳಗೆ ಏನೂ ಇಲ್ಲದ ಜಾಗದಲ್ಲಿ ಅದು ಭಾರ ಹೊರಬೇಕು. ದಾರಿ ಮರದ ತೊಲೆಗಳದ್ದಾದರೆ ಮಳೆ, ಗೆದ್ದಲು ತಿನ್ನುತ್ತವೆ. ಅದಕ್ಕೂ ಮೊದಲು ಮನುಷ್ಯರೇ ಬಿಚ್ಚಿಕೊಂಡು ಹೋಗುತ್ತಾರೆ. ಕಲ್ಲಿನ ಕಮಾನಾದರೆ ಕಷ್ಟ ಬೇರೆ. ಕಮಾನಿನ ಪ್ರತಿ ಕಲ್ಲೂ ಪಕ್ಕದ ಕಲ್ಲನ್ನು ಒತ್ತಿಕೊಂಡು ನಿಂತಿರುತ್ತದೆ. ಆ ಒತ್ತು ಕೊನೆಗೆ ಎರಡೂ ಕಡೆಯ ಕಂಬಗಳ ಮೇಲೆ ಅಡ್ಡಕ್ಕೆ ಬೀಳುತ್ತದೆ. ಸಾಲು ಕಮಾನುಗಳಿದ್ದಾಗ ಒಂದರ ಒತ್ತನ್ನು ಪಕ್ಕದ್ದು ತಡೆಯುತ್ತದೆ. ಒಂದು ಬಿತ್ತೋ, ಪಕ್ಕದ್ದಕ್ಕೆ ಆಸರೆ ತಪ್ಪುತ್ತದೆ. ಗಾರೆಯ ಬಿರುಕಿನಲ್ಲಿ ಒಂದು ಆಲದ ಸಸಿ ಬೇರೂರಿದರೂ ಸಾಕು, ರಿಪೇರಿ ಮಾಡುವವರಿಲ್ಲದಿದ್ದರೆ ಅಲ್ಲಿಂದ ಶುರು.

ರಿಪೇರಿ ಮಾಡುವವರು ಇಲ್ಲದಂತಾದದ್ದು 1686ರಲ್ಲಿ. ಔರಂಗಜೇಬನ ಸೈನ್ಯ ಹಿಂದಿನ ವರ್ಷವೇ ಮುತ್ತಿಗೆ ಹಾಕಿತ್ತು. ಹೊರಕೋಟೆಯ ಕಂದಕ ತುಂಬಿಸಿ ದಾಟುವುದೇ ಅವರಿಗೆ ದೊಡ್ಡ ತಲೆನೋವಾಗಿತ್ತು. ಒಳಗೆ ಅನ್ನ, ಮೇವು ಖಾಲಿಯಾಯಿತು. 1686ರ ಸೆಪ್ಟೆಂಬರ್ 12ರಂದು ಕೊನೆಯ ಸುಲ್ತಾನ ಸಿಕಂದರ್ ಆದಿಲ್ ಶಾ ಶರಣಾದ. ಕೋಟೆ ಕೈಗೆ ಬಂತು, ಆದರೆ ಊರು ಸತ್ತಿತು. ಎರಡು ವರ್ಷದಲ್ಲೇ ಭಾರಿ ಸಾಂಕ್ರಾಮಿಕ ಬಂದು ಉಳಿದ ಜನರೂ ಖಾಲಿಯಾದರು. ದರ್ಬಾರಿಲ್ಲದ ಮೇಲೆ ಅರಮನೆಯಿಂದ ದಾದ್ ಮಹಲಿಗೆ ಹೋಗುವವರು ಯಾರು? ಸೇತುವೆಯ ಎರಡೂ ತುದಿಗಳಲ್ಲಿ ಒಂದು ತುದಿಗೆ ಅರ್ಥವೇ ಹೋಯಿತು.

ಮುಂದೆ ಈ ಸೀಮೆ ನಿಜಾಮನ ಕೈಗೆ ಹೋಗಿ, 1760ರಲ್ಲಿ ಪೇಶ್ವೆಗಳಿಗೆ ಬಂತು. ಆ ಕಾಲದಲ್ಲಿ ಖಾಲಿ ಅರಮನೆಗಳ ಮರಮುಟ್ಟು ಬಿಚ್ಚಿ ಸಾಗಿಸಿದರು. ಆದಿಲ್ ಶಾಹಿ ಅರಮನೆಗಳಲ್ಲಿ ಮರದ ಪಾಲು ದೊಡ್ಡದು. ತೊಲೆ, ಮಾಳಿಗೆ, ಬಾಲ್ಕನಿ ಎಲ್ಲಾ ಮರ. ಅದನ್ನು ಎಳೆದುಕೊಂಡರೆ ಉಳಿಯುವುದು ಬರೀ ಗೋಡೆ. ಏಳಂತಸ್ತಿನ ಸಾತ್ ಮಂಜಿಲ್ ಇವತ್ತು ಅರ್ಧಂಬರ್ಧ ನಿಂತಿರುವುದನ್ನು, ಗಗನ್ ಮಹಲಿಗೆ ಛಾವಣಿ ಇಲ್ಲದಿರುವುದನ್ನು ನೋಡಿ. ಆದರೆ ಆಸಾರ್ ಮಹಲಿನ ತೇಗದ ಕಂಬಗಳು, ಮರದ ಛಾವಣಿ ಉಳಿದವು. ಕೆಲಸ ಅಷ್ಟು ಗಟ್ಟಿ ಅಂತಲ್ಲ. ಒಳಗಿದ್ದ ಪವಿತ್ರ ವಸ್ತುವಿನ ಮೇಲಿನ ಭಕ್ತಿ, ಭಯ ಅದನ್ನು ಕಾಯಿತು. ಯಾರೂ ಅದರ ಮೇಲೆ ಕೈ ಹಾಕಲಿಲ್ಲ. ಸೇತುವೆಗೆ ಅಂಥ ಕಾವಲು ಇರಲಿಲ್ಲ. ಅದು ಬರೀ ದಾರಿ, ನಡೆಯುವವರು ಇಲ್ಲದ ದಾರಿ.

1818ರ ನಂತರ ಇದು ಸಾತಾರಾ ರಾಜನ ಪಾಲಾಯಿತು, 1848ರಲ್ಲಿ ಇಂಗ್ಲಿಷರ ವಶ. ಜಿಲ್ಲಾ ಕೇಂದ್ರ ಮೊದಲು ಕಲಾದಗಿಯಲ್ಲಿತ್ತು. ಅದನ್ನು 1885ರಲ್ಲಿ ವಿಜಯಪುರಕ್ಕೆ ತಂದರು. ಹೊಸ ಕಚೇರಿ ಕಟ್ಟುವ ಬದಲು ಅರಕಿಲ್ಲೆಯೊಳಗಿನ ಹಳೇ ಮಹಲುಗಳನ್ನೇ ಕಚೇರಿ, ಬಂಗಲೆ ಮಾಡಿಕೊಂಡರು. ಒಂದು ಮಸೀದಿಯಲ್ಲಿ ಅಂಚೆ ಕಚೇರಿಯೂ ನಡೆಯುತ್ತಿತ್ತು. ವೈಸರಾಯ್ ಕರ್ಜನ್ ಬಂದು ಇದೆಲ್ಲ ತೆರವು ಮಾಡಿಸಬೇಕಾಯಿತು. 1904ರಲ್ಲಿ ಸ್ಮಾರಕ ರಕ್ಷಣೆಯ ಕಾನೂನೂ ಬಂತು. ಆದರೆ ಅಷ್ಟು ಹೊತ್ತಿಗೆ ಊರಿನ ಓಡಾಟದ ದಿಕ್ಕೇ ಬದಲಾಗಿತ್ತು. ಬಂಡಿ, ಟಾಂಗಾ, ಆಮೇಲೆ ಮೋಟಾರುಗಳಿಗೆ ಕಂದಕ ಬರೀ ಅಡ್ಡಿ. ಗೋಡೆ ಇಲ್ಲದ ಕಡೆ ರಸ್ತೆ ನುಗ್ಗಿತು. ಕಂದಕ ಕೆಲವು ಕಡೆ ತುಂಬಿಹೋಯಿತು, ಕೆಲವು ಕಡೆ ಗಟಾರದ ನೀರು ನಿಲ್ಲುವ ಜಾಗವಾಯಿತು. ಕಂದಕವೇ ಕಂದಕದಂತೆ ಕಾಣದಿದ್ದರೆ ಅದರ ಮೇಲಿದ್ದ ಸೇತುವೆಯ ಕಂಬ ಯಾರಿಗೆ ಅರ್ಥವಾಗಬೇಕು ಹೇಳಿ? ಬಿದ್ದ ಗೋಡೆಯ ತುಂಡು ಅಂದುಕೊಂಡು ಮುಂದೆ ಹೋಗುತ್ತಾರೆ.

ಆಸಾರ್ ಮಹಲಿನ ಒಳಗಿದ್ದ ಸಾಮಾನೂ ಚದುರಿದೆ. ಅಲ್ಲಿ ಉಳಿದಿದ್ದ ಅರಬ್ಬಿ, ಪಾರ್ಸಿ ಹಸ್ತಪ್ರತಿಗಳ ಭಂಡಾರ 19ನೇ ಶತಮಾನದ ನಡುವಿನಲ್ಲಿ ಲಂಡನ್ನಿಗೆ ಹೋಯಿತು, ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. 17ನೇ ಶತಮಾನದ ಜಮಖಾನೆಗಳು ಅಷ್ಟು ದೂರ ಹೋಗಲಿಲ್ಲ. ಗೋಳಗುಮ್ಮಟದ ಎದುರಿನ ನಗಾರಖಾನೆಯ ವಸ್ತುಸಂಗ್ರಹಾಲಯದಲ್ಲಿ ಅವನ್ನು ನೋಡಬಹುದು. ಮೇಲ್ಮಾಳಿಗೆಯ ಗೋಡೆಚಿತ್ರಗಳು ಮಾತ್ರ ಇದ್ದಲ್ಲೇ ಇವೆ, ಆದರೆ ಬಹಳ ಮಸುಕಾಗಿವೆ.

ನೀವು ಮುಂದಿನ ಸಲ ಹೋದರೆ ನೋಡುವ ಕ್ರಮವನ್ನು ಸ್ವಲ್ಪ ತಿರುಗಿಸಿ. ಆಟೋದವರಿಗೆ ಮೊದಲು ಗಗನ್ ಮಹಲಿಗೆ ಬಿಡಿ ಅನ್ನಿ. ಅಲ್ಲಿಂದ ಆನಂದ ಮಹಲ್ ಕಡೆಗೆ, ಹಾಗೇ ಪೂರ್ವಕ್ಕೆ ನಡೆಯಿರಿ. ಎಲ್ಲಾ ಅರಕಿಲ್ಲೆಯ ಒಳಗಿನ ನಡಿಗೆ, ದೂರ ಜಾಸ್ತಿ ಇಲ್ಲ. ಕಂದಕದ ಅಂಚಿಗೆ ಬಂದಾಗ ಆಸಾರ್ ಮಹಲಿನ ಬೆನ್ನು ಕಾಣುತ್ತದೆ. ಹಳೇ ದಾರಿ ಹಾದುಹೋಗುತ್ತಿದ್ದದ್ದು ಅಲ್ಲಿ. ಅದಾದ ಮೇಲೆ ಸುತ್ತು ಹಾಕಿ ಮುಂಭಾಗಕ್ಕೆ ಬನ್ನಿ. ಬೇಸಿಗೆಯಾದರೆ ಬೆಳಗಿನ ಹೊತ್ತು ಒಳ್ಳೇದು. ಮುಂಭಾಗದ ಪಡಸಾಲೆ ಪೂರ್ವಕ್ಕಿರುವುದರಿಂದ ಕಂಬಗಳ ಮೇಲೆ ಆಗ ಬಿಸಿಲು ಚೆನ್ನಾಗಿ ಬೀಳುತ್ತದೆ.